ಕತ್ತರಿಸಿದ ನಗು

ನಾದವನ್ನು ಹಡೆದು ಮೌನದ ಮಡಿಲಲ್ಲಿ ಮಲಗಿಸುವ ತಾಯೇ, ಬೆಟ್ಟದ ಮೇಲಣ ಚಾಮುಂಡೇಶ್ವರಿಯೇ, ಈ ಇಬ್ಬರ ಅಳಲನ್ನು ಹೇಳಹೊರಟ ನಾಲಿಗೆಯಲ್ಲಿ ನೀನೇ ನೆಲೆಸು.

ಅಶೋಕಪುರಂನ ಒಂದು ತಾರಸಿ ಕೋಣೆಯಲ್ಲಿ ಸಿಂಚನ ಹಾಡುತ್ತಿದ್ದಳು. ಮಹಾಂತೇಶ್ ಆ ಹಾಡನ್ನು ಹಳೆಯ ಕ್ಯಾಸೆಟ್ಟಿಗಿಳಿಸಿ, ವೇಗ ತಗ್ಗಿಸಿ, ಮಂಜು ಕವಿದ ಮುಂಜಾವಿನಂತೆ ಮಸುಕುಗೊಳಿಸುತ್ತಿದ್ದ. ನುಣುಪಿಲ್ಲದ ಮಸುಕು ದನಿಯನ್ನೇ ಬಯಸುವ, ಇಬ್ಬರೇ ಇದ್ದ ಆ ಲೋ-ಫೈ ತಂಡಕ್ಕೆ ಒಂದೇ ವ್ರತ: ರೆಕಾರ್ಡಿಂಗಿನಲ್ಲಿ ತಾನಾಗಿ ಬಂದ ಸದ್ದನ್ನು ತೆಗೆಯಕೂಡದು. ಕೆಳಮನೆಯ ಕುಕ್ಕರಿನ ಸೀಟಿ, ಕಾಗೆಯ ಕೂಗು, ಎಲ್ಲವೂ ಹಾಡಿನ ಅಂಗಗಳೇ.

ಹಾಡು ಮುಗಿದೊಡನೆ ಹೆಡ್‌ಫೋನನ್ನು ಕತ್ತಿಗೆ ಜಾರಿಸಿ, ಅವನತ್ತ ಓರೆನೋಟ ಬೀರಿ ಮೆಲ್ಲನೆ ನಗುವುದು ಅವಳ ರೂಢಿ. ಒಂದು ಮಧ್ಯಾಹ್ನ ತಮ್ಮ ಹೊಸ ಆಲ್ಬಮನ್ನು ಆದ್ಯಂತ ಕೇಳಿದಳು. ಒಂದು ಹಾಡಿನ ಕೊನೆಯಲ್ಲೂ ಆ ನಗು ಇರಲಿಲ್ಲ.

"ಕುಕ್ಕರ್ ಸೀಟಿ ಇದೆ, ಕಾಗೆನೂ ಇದೆ. ನನ್ನ ನಗು ಮಾತ್ರ ಕತ್ತರಿಸ್ಬುಟ್ಟಿದ್ದೀಯ. ಕಾಗೆಗಿಂತ ಕಡೆಯಾದ್ನಾ ನಾನು?"

ಅವನು ಕೇಬಲ್ಲನ್ನು ಸುತ್ತುತ್ತ ಕುಳಿತ, ಕಣ್ಣೆತ್ತಲಿಲ್ಲ. ಇವನಿಗೆ ಬೇಕಾದುದು ತನ್ನ ಕಂಠ ಮಾತ್ರ, ತಾನಲ್ಲ ಎಂಬ ಅವಳ ಬಹುದಿನದ ಶಂಕೆಗೆ ಆ ಮೌನವೇ ಸಾಕ್ಷಿಯಾಯಿತು. ರಾಜೀವನಗರದ ಬ್ಯಾಂಡೊಂದು ತನ್ನನ್ನು ಕರೆದಿದೆಯೆಂದೂ, ಸಂಜೆಯೊಳಗೆ ಒಪ್ಪಿಗೆ ಕೊಟ್ಟುಬಿಡುವೆನೆಂದೂ ತಿಳಿಸಿ ಚೀಲವನ್ನು ಹೆಗಲಿಗೇರಿಸಿದಳು.

ಬಾಗಿಲ ಬಳಿ ಅವನ ದನಿ ಅವಳನ್ನು ತಡೆಯಿತು.

"ಆ ನಗು ನೀನು ನನ್ನ ನೋಡಿ ನಕ್ಕಿದ್ದು ಕಣೇ. ಊರಿಗೆಲ್ಲ ಕೇಳಿಸೋಕೆ ಮನಸ್ಸು ಬರ್ಲಿಲ್ಲ. ಅಷ್ಟು ಇಷ್ಟ ನೀನಂದ್ರೆ."

ಅವಳ ರೆಪ್ಪೆ ಒದ್ದೆಯಾಯಿತು. ದನಿ ಗಡುಸಾಗಿಯೇ ಇತ್ತು. "ನಗು ನಂದು. ಇಷ್ಟ ಇದ್ರೆ ನಂಗೆ ಹೇಳ್ಬೇಕಿತ್ತು. ಕದ್ದು ಮುಚ್ಚಿಡೋದು ಎಂಥ ಪ್ರೀತಿನೋ?"

"ತಪ್ಪಾಯ್ತು. ಹೇಳಿದ್ರೆ ನಗೋದನ್ನೇ ಬುಟ್ಬುಡ್ತೀಯ ಅಂತ ಹೆದರಿಕೆ."

ಅವಳು ಚೀಲವನ್ನು ಹೊಸ್ತಿಲಲ್ಲೇ ಇಳಿಸಿದಳು. ಅನಂತರ ಮೈಕಿನ ಮುಂದೆ ಕುಳಿತು, ಮೊದಲ ಹಾಡನ್ನೇ ಮತ್ತೆ ಹಾಡುವೆನೆಂದೂ, ಈ ಬಾರಿ ಮಸುಕು ಬೆರೆಸದೆ ಇದ್ದುದನ್ನು ಇದ್ದಂತೆಯೇ ಹಿಡಿಯಬೇಕೆಂದೂ ಹೇಳಿದಳು. ಅವನು ಗುಂಡಿಯನ್ನೊತ್ತಿದ.

ಹಾಡು ಮುಗಿಯಿತು. ಅವಳು ಅವನನ್ನು ನೋಡಿದಳು, ನಗಲಿಲ್ಲ. ಟೇಪನ್ನು ನಿಲ್ಲಿಸಲು ಚಾಚಿದ ಅವನ ಕೈಯನ್ನು ಹಿಡಿದುಕೊಂಡಳು.

"ಇವತ್ತು ನಗು ಬರಲ್ಲ ಕಣೋ. ಓಡ್ತಿರ್ಲಿ. ಕಾಯ್ತಾ ಇರು."

ಕ್ಯಾಸೆಟ್ಟು ತುದಿಯವರೆಗೂ ಓಡಿತು. ಸಂಜೆ ಕಳೆಯಿತು, ರಾಜೀವನಗರಕ್ಕೆ ಉತ್ತರ ಹೋಗಲಿಲ್ಲ, ಹಿಡಿದ ಕೈಯೂ ಸಡಿಲಲಿಲ್ಲ.

ಈ ಕಥೆಯನ್ನು ಕೇಳಿದ ಸಕಲರಿಗೂ ಒಳಿತಾಗಲಿ. ಅವರ ಎದೆಯೊಳಗಣ ಮಾತು ತಡವಾಗುವ ಮುನ್ನ ನಾಲಿಗೆಗೆ ಬರಲಿ. ಅದನ್ನು ಆಲಿಸಬೇಕಾದವರು ಬಾಗಿಲಲ್ಲಿ ಇನ್ನೂ ನಿಂತಿರಲಿ.