ಮೇವಿನ ಕಾಟಾ ಹೇಳಿದ ಸುಳ್ಳು

"ಮೇಡಂ, ಅದರ ಮ್ಯಾಲ ಮೇವು ತೂಗ್ತಾರ್ರಿ. ಮನಷ್ಯಾರಲ್ಲ."

ಶಿವಕಾಂತಾಳ ಜೀವ ಬಾಯಿಗೆ ಬಂತು. ಬೆಳಗಿನ ಎಂಟು ಗಂಟೆಗೆ ಯಾರೂ ಬಂದಿರಲಾರರು ಎಂಬ ಧೈರ್ಯದಲ್ಲಿ ಚಪ್ಪಲಿ ಕಳಚಿ, ಕೈಚೀಲ ಕೆಳಗಿಟ್ಟು, ದುಪಟ್ಟಾ ಸಹ ತೆಗೆದಿಟ್ಟು ಕಾಟಾ ಮೇಲೆ ಹತ್ತಿ ನಿಂತಿದ್ದಳು ಪಾಪ. ಆಗಲೇ ಹಿಂದೆ ಈ ಗಂಡಸಿನ ದನಿ!

ಅವಳು ಇಳಿಯುವ ಮೊದಲೇ ಅವನ ಕಣ್ಣು ತೂಕ ತೋರಿಸುವ ದಂಡಿಗೆಯ ಮೇಲೆ ಹೋಗಿತ್ತು. ಅವಳು ಸರಿಸಿದ ಗುಂಡು ಎಪ್ಪತ್ತೆಂಟು ಕಿಲೋದ ಗೆರೆಯ ಮೇಲೆ ನಿಂತಿತ್ತು.

'ನೋಡಿಬಿಟ್ಟ... ಇನ್ನು ಇಡೀ ಔರಾದಕ್ಕೆ ಡಂಗುರ ಹೊಡೆಯುತ್ತಾನೆ.'

"ಯಾರ್ರಿ ನೀವು?" ಎಂದಳು ಸಿಟ್ಟಿನಿಂದ. ನಾಚಿಕೆಯಾದಾಗ ಅವಳಿಗೆ ಸಿಟ್ಟೇ ಬರುವುದು, ಚಿಕ್ಕಂದಿನಿಂದಲೂ ಹಾಗೆ.

"ಹಾವಗೆಪ್ಪ ಅಂತ್ರಿ. ಠಾಣಾ ಕುಶನೂರದಾವ. ಇವತ್ತಿನಿಂದ ಇಲ್ಲಿ ತೂಗೂ ಕೆಲಸಕ್ಕ ಬಂದೀನಿ."

ಹಾವಗೆಪ್ಪ! ಮೂವತ್ತು ದಾಟದ ಹುಡುಗನಿಗೆ ಅಜ್ಜನ ಹೆಸರು. ನಗು ಬಂತು, ಆದರೆ ಎಪ್ಪತ್ತೆಂಟು ನೆನಪಾಗಿ ನುಂಗಿಕೊಂಡಳು.

ಅದು 2016ರ ಫೆಬ್ರವರಿ. ಎರಡು ವರ್ಷ ಮಳೆ ಕೈಕೊಟ್ಟು ಔರಾದ ಸೀಮೆಯ ಹಳ್ಳಿಗಳಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಜನ ಹೈದರಾಬಾದಿಗೂ ಪುಣೆಗೂ ಗುಳೆ ಹೋಗಿದ್ದರು. ಉಳಿದವರ ದನಗಳಿಗಾಗಿ ಊರ ಹೊರಗೆ ಮೇವು ಬ್ಯಾಂಕ್ ತೆರೆದಿತ್ತು. ಬೀದರಿನ ಮೈಲೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಶಿವಕಾಂತಾ ರೈತರ ಹೆಸರು, ದನಗಳ ಸಂಖ್ಯೆ ಬರೆದು ಚೀಟಿ ಕೊಡುವಳು. ಆ ಚೀಟಿ ನೋಡಿ ಮೇವು ತೂಗಿ ಕೊಡುವವನು ಇನ್ನು ಮುಂದೆ ಈ ಹಾವಗೆಪ್ಪ. ಇವರಿಬ್ಬರನ್ನು ಬಿಟ್ಟರೆ ಅಲ್ಲಿದ್ದವನು ಕಾವಲುಗಾರ ಕರೀಮ ಸಾಬ ಒಬ್ಬನೇ.

"ವಜನ ಇಳಸ್ಲತ್ತೀರೇನ್ರಿ?" ಮಧ್ಯಾಹ್ನ ಅವಳ ಡಬ್ಬಿಯಲ್ಲಿ ಅರ್ಧ ರೊಟ್ಟಿ ನೋಡಿ ಕೇಳಿಯೇ ಬಿಟ್ಟ.

"ನಿಮಗ್ಯಾಕ ಬೇಕ್ರಿ ಅದು?"

"ಮುಂಜಾನಿ ಬಸ್ ಸ್ಟ್ಯಾಂಡಿಂದ ಇಲ್ಲೀತನಕಾ ಓಡ್ಕೋತ ಬಂದಿದ್ದು ನೋಡೀನ್ರಿ. ದನ ಬೆನ್ನತ್ತ್ಯಾದೋ ಏನೋ ಅಂದ್ಕೊಂಡೆ."

ಈ ಮನುಷ್ಯನಿಗೆ ಹೇಗೆ ಮಾತಾಡಬೇಕೆಂದು ಯಾರೂ ಕಲಿಸಿಲ್ಲವೇ...

"ಅದಕ್ಕ ಕಾರ್ಡಿಯೋ ಅಂತಾರ್ರಿ. ಮೊಬೈಲಿನಾಗ ನೋಡೀನಿ. ಓಡಿದ್ರ ಕೊಬ್ಬು ಕರಗ್ತದ."

"ಓಡಿದ್ರ ಹಸಿವಾಗ್ತದ, ಅಷ್ಟೇ. ನಮ್ಮೂರ ತಾಲೀಮಿನಾಗ ನಾ ಹತ್ತು ವರ್ಷ ಕುಸ್ತಿ ಕಲ್ತೀನ್ರಿ. ಭಾರ ಎತ್ತಬೇಕು. ಮೈಯಾಗ ಕಸುವು ಬಂದ್ರ ಕೊಬ್ಬು ತಾನೇ ಜಾಗ ಖಾಲಿ ಮಾಡ್ತದ."

"ಭಾರ ಎತ್ತಿ ನಾ ಪೈಲ್ವಾನ ಆಗ್ಬೇಕೇನು?"

"ಆದ್ರ ತಪ್ಪೇನ್ರಿ?"

ಅಂದಿನಿಂದ ದಿನಾ ಇದೇ ಜಗಳ. ಕರೀಮ ಸಾಬ ತಲೆ ಚಚ್ಚಿಕೊಳ್ಳುತ್ತಿದ್ದ. "ದನಗೋಳು ಮೇವಿಲ್ದೆ ಇಳಿಲತ್ತಾವ, ಇವರಿಗಿ ಇಳಸೂದೇ ಚಿಂತಿ" ಎಂದು ಬೀಡಿ ಹಚ್ಚುತ್ತಿದ್ದ.

ಆದರೆ ಶಿವಕಾಂತಾಳ ಪಾಲಿಗೆ ಇದು ತಮಾಷೆಯಾಗಿರಲಿಲ್ಲ. ಇಪ್ಪತ್ತೇಳು ತುಂಬಿದ ಅವಳನ್ನು ಮೂವರು ನೋಡಿ 'ಹುಡುಗಿ ದಪ್ಪ' ಎಂದು ಎದ್ದು ಹೋಗಿದ್ದರು. ನಾಲ್ಕನೆಯದು ಭಾಲ್ಕಿಯ ಸಂಬಂಧ. ಹೈಸ್ಕೂಲ್ ಮಾಸ್ತರ. ಫೋಟೋ ನೋಡಿ ಹೇಳಿ ಕಳಿಸಿದ್ದರು, ಹತ್ತು ಕಿಲೋ ಇಳಿಸಿದರೆ ಬಸವ ಜಯಂತಿಯ ಮರುದಿನ ನೋಡಲು ಬರುತ್ತೇವೆ ಎಂದು. ತಾಯಿ ಸುಮಿತ್ರಾಬಾಯಿ ಕುಂತಲ್ಲಿ ನಿಂತಲ್ಲಿ ಆ ಹತ್ತು ಕಿಲೋದ ಜಪ ಮಾಡುತ್ತಿದ್ದಳು. ಇದೊಂದು ತಪ್ಪಿದರೆ ಇನ್ನು ಯಾರೂ ಬರುವುದಿಲ್ಲ ಎಂಬ ಭಯ ತಾಯಿಗೂ ಇತ್ತು, ಮಗಳಿಗೂ ಇತ್ತು.

ಒಂದು ದಿನ ಜಗಳದ ನಡುವೆ ಇದನ್ನೂ ಹೇಳಿಬಿಟ್ಟಳು. ಹಾವಗೆಪ್ಪ ಕಾಟಾದ ಕಡೆ ಕೈ ತೋರಿಸಿದ.

"ಹಂಗಾರ ಒಂದು ಕರಾರು ಮಾಡೂಣ್ರಿ. ಒಂದು ತಿಂಗಳು ನಿಮ್ಮ ಓಟ. ಮೂರು ಕಿಲೋ ಇಳೀಲಿಲ್ಲ ಅಂದ್ರ ಮುಂದ ನಾ ಹೇಳ್ದಂಗ ಕೇಳ್ಬೇಕು. ಪ್ರತಿ ಸೋಮವಾರ ಮುಂಜಾನಿ ಇದೇ ಕಾಟಾ ಮ್ಯಾಲ ತೂಕ."

ಓಡಿದಳು. ಧೂಳಿನಲ್ಲಿ ಓಡಿದಳು, ಬಿಸಿಲಿನಲ್ಲಿ ಓಡಿದಳು. ತಿಂಗಳ ಕೊನೆಗೆ ಇಳಿದದ್ದು ಒಂದೇ ಕಿಲೋ. ಹಾವಗೆಪ್ಪ ನಗಲಿಲ್ಲ. ಇಪ್ಪತ್ತು ಕಿಲೋದ ಮೇವಿನ ಪೆಂಡಿ ತೋರಿಸಿದ.

"ನಡು ಬಗ್ಗಿಸಬ್ಯಾಡ್ರಿ, ಮೊಣಕಾಲು ಬಗ್ಗಿಸ್ರಿ. ಉಸುರು ಹಿಡೀಬ್ಯಾಡ್ರಿ. ಮತ್ತ ರೊಟ್ಟಿ ಎರಡು ಉಣ್ರಿ. ಉಪಾಸ ಇದ್ದು ಭಾರ ಎತ್ತಿದ್ರ ನೀವೇ ಬೀಳ್ತೀರಿ."

ಓಟ ಬಿಡಲಿಲ್ಲ ಅವಳು, ಅದು ಬೇರೆ ಮಾತು. ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ ಅವಳದು. ಆದರೆ ಪೆಂಡಿಯನ್ನೂ ಎತ್ತಿದಳು. ಅವನ ಡಬ್ಬಿಯ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಎರಡು ರೊಟ್ಟಿಯನ್ನೂ ಉಂಡಳು.

ಪೆಂಡಿ ಎತ್ತತೊಡಗಿದ ಎರಡನೆಯ ಸೋಮವಾರ ಎಪ್ಪತ್ತೈದು. ನಾಲ್ಕನೆಯದಕ್ಕೆ ಎಪ್ಪತ್ತೆರಡು. ಏಪ್ರಿಲ್ ಮುಗಿಯುವಷ್ಟರಲ್ಲಿ ಅರವತ್ತೆಂಟು!

"ಭಾಲ್ಕಿಯವರು ಖುಷಿ ಆಗ್ತಾರ್ರಿ" ಎಂದ ಹಾವಗೆಪ್ಪ ದಂಡಿಗೆ ನೋಡುತ್ತಾ. ಅವಳ ಮುಖ ನೋಡಲಿಲ್ಲ.

ಅವಳು ಕುಣಿಯಬೇಕಿತ್ತು. ಬದಲಿಗೆ ಎದೆಯಲ್ಲಿ ಏನೋ ಕಸಿವಿಸಿ. 'ಇವನೇ ನನ್ನನ್ನು ತಿದ್ದಿ ತೀಡಿ ಭಾಲ್ಕಿಗೆ ಕಳಿಸುತ್ತಿದ್ದಾನೆ. ಕಳಿಸಲಿ... ಅದಕ್ಕೆ ನನಗೇಕೆ ಸಿಟ್ಟು? ಅವನು ನನಗೇನು ಆಗಬೇಕು?' ಇನ್ನೊಂದು ಗೊಂದಲವೂ ಇತ್ತು. ಹತ್ತು ಕಿಲೋ ಇಳಿದರೂ ಚೂಡಿದಾರ ಮಾತ್ರ ಸಡಿಲಾಗಿರಲಿಲ್ಲ, ತೋಳು ಇನ್ನೂ ಬಿಗಿಯಾಗಿತ್ತು. ಒಗೆದಾಗ ಬಟ್ಟೆ ಕುಗ್ಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಬಸವ ಜಯಂತಿಗೆ ಮೂರು ದಿನ ಉಳಿದಿದ್ದವು. ನೆರೆಮನೆಯ ಕೌಸಲ್ಯಾಬಾಯಿಯ ಕುಟುಂಬ ಹೈದರಾಬಾದಿಗೆ ಕೆಲಸಕ್ಕೆ ಹೊರಟಿತ್ತು. ಕಳಿಸಿಕೊಡಲು ಶಿವಕಾಂತಾ ಬೀದರ ಸ್ಟೇಷನ್ನಿಗೆ ಹೋದಳು. ರೈಲು ಹೊರಟ ಮೇಲೆ ಪ್ಲಾಟ್‌ಫಾರ್ಮಿನ ತೂಕದ ಯಂತ್ರ ಕಂಡಿತು, ಹತ್ತಿ ನಾಣ್ಯ ಹಾಕಿದಳು. ಕೆಂಪು ದೀಪ ಗಿರಗಿರ ತಿರುಗಿ ಚೀಟಿ ಬಿತ್ತು.

ಎಪ್ಪತ್ತಾರು.

ಯಂತ್ರ ಕೆಟ್ಟಿದೆ ಎಂದು ಇನ್ನೊಮ್ಮೆ ಹತ್ತಿದಳು. ಮತ್ತೆ ಎಪ್ಪತ್ತಾರು.

ಮರುದಿನ ಬೆಳಿಗ್ಗೆ ಆ ಎರಡೂ ಚೀಟಿಗಳನ್ನು ಹಾವಗೆಪ್ಪನ ಮುಂದೆ ಹಿಡಿದಳು.

"ಇದೇನ್ರಿ?"

ಚೀಟಿ ನೋಡಿದವನ ಮುಖ ಕಪ್ಪಿಟ್ಟಿತು. ಕಾಟಾದ ಹತ್ತಿರ ಹೋಗಿ ದಂಡಿಗೆಯ ತುದಿ ತೋರಿಸಿದ. ಅಲ್ಲಿ ತಂತಿಯಲ್ಲಿ ಪೋಣಿಸಿದ ನಾಲ್ಕು ದಪ್ಪ ನಟ್ಟುಗಳು ತೂಗುತ್ತಿದ್ದವು. ದಿನಾ ನೋಡುತ್ತಿದ್ದಳು ಅವನ್ನು, ಕಾಟಾದ್ದೇ ಭಾಗ ಎಂದುಕೊಂಡಿದ್ದಳು.

"ಕಡತಾ ಅಂತಾರ್ರಿ ಇದಕ್ಕ. ಅಡತಿ ಅಂಗಡಿಯಾಗ ಚೀಲದ ತೂಕ ಅಂತ ಮಾಲಿನಾಗ ಕಮ್ಮಿ ಹಿಡೀತಾರಲ್ಲ, ಹಂಗ. ಲಾರಿಯವರು ಮೇವಿಗೆ ನೀರು ಹೊಡದು ತರ್ತಾರ. ಹಂಗೇ ತೂಗಿ ಕೊಟ್ರ ರೈತ ನೀರು ಒಯ್ದಂಗ. ಅದಕ್ಕ ಒಂದು ನಟ್ಟು ಕಟ್ಟಿದ್ರ ಎರಡು ಕಿಲೋ ಕಮ್ಮಿ ತೋರಸ್ತದ, ಅಷ್ಟು ಮೇವು ಹೆಚ್ಚಿಗಿ ಹಾಕಿ ಕೊಡ್ತೇನಿ. ಬಿಸಲು ಹೆಚ್ಚಾದಂಗ ಅವರು ನೀರು ಹೆಚ್ಚು ಮಾಡಿದ್ರು. ನಾ ನಟ್ಟು ಹೆಚ್ಚು ಮಾಡ್ದೆ."

"ಒಂದಾದ ಮ್ಯಾಲ ಒಂದು, ನಾಲ್ಕು... ಎಂಟು ಕಿಲೋ."

"ಹೌದ್ರಿ. ಅದರ ಮ್ಯಾಲ ನೀವೂ ನಿಂದರ್ತೀರಿ ಅನ್ನೂದು ನನಗ ಹೊಳೀಲಿಲ್ಲ. ಖರೇ ಹೇಳ್ತೇನ್ರಿ, ಹೊಳೀಲಿಲ್ಲ."

"ಯಾವಾಗ ಹೊಳೀತು?"

ಅವನು ನೆಲ ನೋಡಿದ. "ಹದಿನೈದು ದಿನ ಆತ್ರಿ."

ಹದಿನೈದು ದಿನ! ಅಂದರೆ ಎರಡು ಸೋಮವಾರ ಎಲ್ಲ ಗೊತ್ತಿದ್ದೂ ಅವಳನ್ನು ಹತ್ತಿಸಿ, ಇಳಿಸಿ, ಭಾಲ್ಕಿಯವರು ಖುಷಿಯಾಗುತ್ತಾರೆ ಎಂದಿದ್ದ.

"ಜಗಳದಾಗ ಗೆಲ್ಲಬೇಕಂತ ಸುಮ್ಮಿದ್ರೇನು? ಇಲ್ಲಾ ನನ್ನ ನೋಡಿ ನಗ್ಲಿಕ್ಕೇನು?"

"ನಗೂದಾ? ಮೇಡಂ, ನಾನು..." ಎಂದವನು ಅಲ್ಲಿಗೇ ನಿಂತ. ಬಾಯಿಗೆ ಬಂದದ್ದನ್ನು ನುಂಗಿದ್ದು ಅವಳಿಗೂ ಕಂಡಿತು.

ಅವಳು ಕಾಯಲಿಲ್ಲ. ಚೀಟಿಗಳನ್ನು ಅಲ್ಲೇ ಒಗೆದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅತ್ತಳು. ಎಂಟು ಕಿಲೋಗಾಗಿ ಅತ್ತೆಯೋ, ಅವನಿಗಾಗಿ ಅತ್ತೆಯೋ ಎಂದು ಕೇಳಿದರೆ ಅವಳಿಂದ ಹೇಳಲಾಗುತ್ತಿರಲಿಲ್ಲ.

ತಾಯಿಗೆ ನಿಜ ಹೇಳುವ ಧೈರ್ಯವೂ ಬರಲಿಲ್ಲ. ಬಸವ ಜಯಂತಿಯ ಮರುದಿನ ಭಾಲ್ಕಿಯ ಮಾಸ್ತರ, ಅವನ ತಾಯಿ ಇಬ್ಬರೂ ಮೈಲೂರಿನ ಮನೆಯ ಚಾಪೆಯ ಮೇಲೆ ಕೂತಿದ್ದರು.

"ಅರವತ್ತೆಂಟಕ್ಕ ಬಂದಾಳ್ರಿ" ಎಂದಳು ಸುಮಿತ್ರಾಬಾಯಿ ಹೆಮ್ಮೆಯಿಂದ.

ಮಾಸ್ತರನ ತಾಯಿ ಶಿವಕಾಂತಾಳನ್ನು ಮೇಲಿಂದ ಕೆಳಗೆ ನೋಡಿದಳು. "ಹೌದ್ರಿ, ಕಾಣ್ತದ. ಫೋಟೋದಾಗ ಎಷ್ಟು ದಪ್ಪ ಇದ್ದಳು. ಈಗ ಮಾರಿ ನೋಡ್ರಿ, ಎಷ್ಟು ಸಣ್ಣ ಆಗ್ಯಾದ. ನಮಗ ಒಪ್ಪಿಗಿ ಅದ."

ಶಿವಕಾಂತಾ ದಿಗಿಲುಗೊಂಡಳು. 'ಎಪ್ಪತ್ತಾರು ಕಿಲೋ ಎದುರಿಗೆ ಕೂತಿದೆ. ಇವರು ಅರವತ್ತೆಂಟು ನೋಡುತ್ತಿದ್ದಾರೆ. ಹಾಗಾದರೆ ಇವರು ನೋಡಲು ಬಂದದ್ದು ಏನನ್ನು?'

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಎಂಟು ದಿನಕ್ಕೊಮ್ಮೆ ಬರುವ ನೀರಿನ ಟ್ಯಾಂಕರ್! ಆ ವರ್ಷ ಟ್ಯಾಂಕರ್ ಬಂದರೆ ಹೆಣದ ಮುಂದೆ ಕೂತವರೂ ಏಳುತ್ತಿದ್ದರು. ಸುಮಿತ್ರಾಬಾಯಿಯ ಮುಖ ಬಾಡಿತು. ಬೀಗರನ್ನು ಬಿಟ್ಟು ಏಳುವ ಹಾಗಿಲ್ಲ, ಮನೆಯಲ್ಲಿ ಹನಿ ನೀರಿಲ್ಲ.

ಶಿವಕಾಂತಾ ಎದ್ದಳು. ಜರಿ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಎರಡು ಕೊಡ ಹಿಡಿದು ಓಡಿದಳು. ಇಡೀ ಓಣಿಯೇ ಓಡುತ್ತಿತ್ತು. ಆದರೆ ಮೂರು ತಿಂಗಳು ಧೂಳಿನಲ್ಲಿ ಓಡಿದ ಕಾಲು ಅವಳದು, ಮೊದಲು ಮುಟ್ಟಿದಳು. ತುಂಬಿದ ಕೊಡ ಒಂದು ತಲೆಯ ಮೇಲೆ, ಒಂದು ಸೊಂಟದಲ್ಲಿ. ನಡು ಬಗ್ಗಿಸಲಿಲ್ಲ, ಮೊಣಕಾಲು ಬಗ್ಗಿಸಿದಳು. ಉಸಿರು ಹಿಡಿಯಲಿಲ್ಲ. ಹೀಗೆ ಐದು ಸಲ ಹೋಗಿ ಬಂದರೂ ಏದುಸಿರು ಬರಲಿಲ್ಲ.

"ಅಯ್ಯ, ಹಾವಗೆಪ್ಪಾರು ನೋಡ್ಬೇಕಿತ್ತು" ಎಂದಳು ಕೊನೆಯ ಕೊಡ ಇಳಿಸುತ್ತಾ, ತನಗೆ ತಾನೇ ಎಂಬಂತೆ.

ಹೇಳಿದ ಮೇಲೆ ಗಕ್ಕನೆ ನಿಂತಳು. ಸೀರೆಯೆಲ್ಲ ಒದ್ದೆ, ಹೊಸ್ತಿಲಲ್ಲಿ ಭಾಲ್ಕಿಯವರು, ನೆನಪಾದದ್ದು ಮಾತ್ರ ಆ ಕುಶನೂರದವನು. ಇಷ್ಟು ದಿನ ಎದೆಯಲ್ಲಿ ಕಾಡಿದ ಕಸಿವಿಸಿ ಏನೆಂದು ಅವಳಿಗೆ ಆಗ ತಿಳಿಯಿತು.

ಸೆರಗು ಹಿಂಡಿಕೊಂಡು ಒಳಗೆ ಬಂದಳು.

"ಒಂದು ಮಾತು ಹೇಳ್ತೇನ್ರಿ. ಕಾಟಾ ತಪ್ಪಿತ್ತು. ನಾ ಎಪ್ಪತ್ತಾರು ಕಿಲೋ ಅದೀನಿ."

ಮಾಸ್ತರ ತಾಯಿಯ ಮುಖ ನೋಡಿದ. ತಾಯಿ ಮತ್ತೆ ಶಿವಕಾಂತಾಳನ್ನು ಮೇಲಿಂದ ಕೆಳಗೆ ನೋಡಿದಳು. ಈ ಸಲ ಅವಳ ಕಣ್ಣಿಗೆ ಎಪ್ಪತ್ತಾರೂ ಕಂಡವು.

"ಹಂಗಾರ... ಶ್ರಾವಣದ ತನಕಾ ಟೈಮ್ ಕೊಡ್ತೇವ್ರಿ" ಎಂದ ಮಾಸ್ತರ.

"ಬ್ಯಾಡ್ರಿ. ನನ್ನ ವಜನ ನಾನೇ ಹೊತ್ಕೊಂಡು ತಿರಗ್ತೇನಿ. ನಿಮಗ ಯಾಕ ಭಾರ?"

ಅವರು ಹೋದ ಮೇಲೆ ಸುಮಿತ್ರಾಬಾಯಿ ಬೈದಳು, ಅತ್ತಳು, ತುಂಬಿದ ಕೊಡಗಳನ್ನು ನೋಡಿ ಸುಮ್ಮನಾದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಕೊಡ ಇಳಸೂವಾಗ ಯಾರ ಹೆಸರು ತಗೊಂಡಿ, ಶಿವಿ?"

ಮಗಳು ತಲೆ ತಗ್ಗಿಸಿದಳು.

"ಮುಂದಿನ ಆಯ್ತಾರ ಊಟಕ್ಕ ಕರಿ ಅವರ್ನ. ನಾನೂ ನೋಡ್ತೇನಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಮೇವು ಬ್ಯಾಂಕಿನ ಕಾಟಾದ ಹತ್ತಿರ ಹಾವಗೆಪ್ಪ ಒಬ್ಬನೇ ಇದ್ದ. ಅವಳು ಬರುತ್ತಾಳೆಂದು ಅವನಿಗೆ ನಂಬಿಕೆ ಇರಲಿಲ್ಲ. ಆದರೂ ಕಾಟಾದ ನಟ್ಟುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದ. ಕಾಟಾದ ಕಂಬದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿತ್ತು: 'ಮನುಷ್ಯರಿಗೆ ಕಡತಾ ಇಲ್ಲ.'

"ಭಾಲ್ಕಿಯವರು...?" ಎಂದ ಅವಳನ್ನು ಕಂಡು ಎದ್ದು ನಿಲ್ಲುತ್ತಾ.

"ಒಪ್ಪಿದ್ರು. ನಾ ಒಪ್ಪಲಿಲ್ಲ. ಈಗ ನೀವು ಹೇಳ್ರಿ, ಹದಿನೈದು ದಿನ ಯಾಕ ಸುಮ್ಮಿದ್ರಿ?"

ಅವನ ಕೈಯಲ್ಲಿ ನಟ್ಟುಗಳು ಸದ್ದು ಮಾಡಿದವು.

"ಎರಡು ಕಾರಣ ಅದಾವ್ರಿ. ಒಂದು ಛಲೋದು, ಒಂದು ಕೆಟ್ಟದ್ದು. ಅರವತ್ತೆಂಟು ನೋಡಿ ನೀವು ಹೊಟ್ಟಿ ತುಂಬಾ ಉಣ್ಲತ್ತಿದ್ರಿ. ಅದು ತಪ್ಪಬಾರದು ಅನಸ್ತು."

"ಕೆಟ್ಟದ್ದು?"

"ಹೇಳಿದ್ರ ನೀವು ಮತ್ತ ಇಳಸ್ತಿದ್ರಿ. ಹೇಳದಿದ್ರ ಎದುರಿಗಿ ಎಪ್ಪತ್ತಾರು ನೋಡಿ ಭಾಲ್ಕಿಯವರು ಬ್ಯಾಡ ಅಂತಾರ... ನೀವು ಇಲ್ಲೇ ಇರ್ತೀರಿ ಅನ್ಕೊಂಡೆ. ಮಾಡಬಾರದಿತ್ರಿ. ನಾಲ್ಕು ದಿನದಿಂದ ನಿದ್ದಿ ಬಂದಿಲ್ಲ. ಬೈರಿ, ಬೈಸ್ಕೋತೇನಿ."

ಬೈಯಬೇಕೆಂದೇ ಬಂದಿದ್ದಳು ಅವಳು. ಬಸ್ಸಿನಲ್ಲಿ ಬೈಗುಳಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ಒಂದೂ ನಾಲಿಗೆಗೆ ಬರಲಿಲ್ಲ, ಕಣ್ಣೀರು ಬಂತು. ಮುಖ ತಿರುಗಿಸಿ ಚಪ್ಪಲಿ ಕಳಚಿ ಕಾಟಾ ಹತ್ತಿದಳು.

"ಎಷ್ಟ್ರಿ?"

"ಎಪ್ಪತ್ತಾರು."

"ನಾ ಇಷ್ಟೇ ಅದೀನಿ. ಮುಂದ ಇಳೀಬಹುದು, ಏರಬಹುದು. ನಡೀತದೇನು?"

"ನಾ ಮೊದಲ ದಿನ ನೋಡಿದ್ದು ಎಪ್ಪತ್ತೆಂಟ್ರಿ. ಅವತ್ತೇ ಮನಸಿಗಿ ಬಂದಿದ್ರಿ."

ಗೇಟಿನ ಬಳಿ ದನಗಳ ತೊಟ್ಟಿಗೆ ನೀರು ಹಾಕುತ್ತಿದ್ದ ಕರೀಮ ಸಾಬ ಈ ಕಡೆ ನೋಡಿದವನು ಗೋಡೆಯ ಕಡೆ ತಿರುಗಿ ಸುಮ್ಮನೆ ಕೆಮ್ಮಿದ.

"ಹಂಗಾರ ನೀವೂ ಹತ್ರಿ" ಎಂದಳು ಶಿವಕಾಂತಾ ಕಣ್ಣೊರೆಸಿಕೊಂಡು.

ಹಾವಗೆಪ್ಪ ಚಪ್ಪಲಿ ಬಿಟ್ಟು ಅಳುಕುತ್ತಾ ಹತ್ತಿ ಅವಳ ಪಕ್ಕ ನಿಂತ. ಹಳೆಯ ಕಾಟಾ ಕಿರ್ ಎಂದಿತು. ಅವಳೇ ಕೈ ಚಾಚಿ ಗುಂಡು ಸರಿಸಿದಳು. ನೂರಾ ನಲವತ್ತೇಳು.

"ಇದರಾಗ ನಂದೆಷ್ಟು, ನಿಮ್ಮದೆಷ್ಟು?" ಎಂದ ಅವನು, ಎಲ್ಲ ಗೊತ್ತಿದ್ದೂ.

"ಬ್ಯಾರೆ ಬ್ಯಾರೆ ಯಾಕ ತೂಗಬೇಕು ಇನ್ನ?"

ಅವನು ಅಂಗೈಯಲ್ಲಿದ್ದ ನಟ್ಟುಗಳನ್ನು ಜೇಬಿಗೆ ಹಾಕಿ, ಆ ಖಾಲಿ ಕೈಯಿಂದ ಅವಳ ಕೈ ಹಿಡಿದ.

"ಶಿವಕಾಂತಾ..." ಮೇಡಂ ಇಲ್ಲದೆ ಮೊದಲ ಸಲ ಕರೆದ. "ನಾಳೆ ಮುಂಜಾನಿ ಏನು? ಓಡೂದೋ, ಎತ್ತೂದೋ?"

"ಬಸ್ ಸ್ಟ್ಯಾಂಡಿಗೆ ಬರ್ರಿ. ನಾ ಓಡ್ತೇನಿ, ನೀವು ನನ್ನ ಚೀಲಾ ಎತ್ಕೊಂಡು ಹಿಂದ ಓಡ್ರಿ."