ಒಂದೇ ಪೆಟ್ಟಿಗೆಯ ಹುಗ್ಗಿ

ಐವತ್ತೆರಡು ವರ್ಷಗಳ ಹಿಂದೆ, ಬೆಲ್ಲ ತರುತ್ತಿದ್ದ ಟೆಂಪೊ ಹಳ್ಳಕ್ಕೆ ಉರುಳಿದಾಗ, ಅರ್ಧ ಬೆಲ್ಲದಲ್ಲಿಯೇ ಎರಡು ಸಾವಿರ ಜನರಿಗೆ ಗೋಧಿ ಹುಗ್ಗಿ ಉಣಿಸಿ ಒಂದು ಮದುವೆಯ ಮಾನ ಉಳಿಸಿದವರು ಸಂಗಣ್ಣ. ಈಗ ಎಪ್ಪತ್ತೆಂಟರ ಆ ಬಾಣಸಿಗರು ಗದಗಿನ ಕಲ್ಯಾಣ ಮಂಟಪವೊಂದರಲ್ಲಿ ಬರಿಗೈಯಲ್ಲಿ ನಿಂತಿದ್ದರು. ಎದುರಿಗೆ ಪಾಕಯಂತ್ರದ ಹನ್ನೆರಡು ಕೈಗಳು ಹುಗ್ಗಿ ತಿರುವುತ್ತ, ಒಬ್ಬೊಬ್ಬ ಅತಿಥಿಯ ನಾಲಿಗೆಗೂ ಆರೋಗ್ಯಕ್ಕೂ ಒಪ್ಪುವಂತೆ ಬೇರೆಬೇರೆ ಬಟ್ಟಲು ತುಂಬುತ್ತಿದ್ದವು.

"ಇದರ ತಲ್ಯಾಗ ಏನೈತಿ ತಂಗಿ?" ಎಂದು ಅವರು ಯಂತ್ರವನ್ನು ರೂಪಿಸಿದ ವಿಜ್ಞಾನಿ ಮೃಣಾಲಿನಿಯನ್ನು ಕೇಳಿದರು.

"ಪೆಟ್ಟಿಗಿ ಅದಾವ್ರಿ ಕಾಕಾ. ಒಬ್ಬೊಬ್ಬರಿಗೆ ಒಂದೊಂದು ಗುಣಪೆಟ್ಟಿಗಿ."

ಜಾವಾಸ್ಕ್ರಿಪ್ಟ್ ಎಂಬ ಹಳೆಯ ಗಣಕಭಾಷೆಯ ಕಟ್ಟು ಅದು. ಪೆಟ್ಟಿಗೆಯೊಳಗೆ ಎಡಕ್ಕೆ ಗುಣದ ಹೆಸರು, ಬಲಕ್ಕೆ ಅದರ ಬೆಲೆ, ಅಂದರೆ ಅಳತೆ: ಬೆಲ್ಲ – ಎಂಟು ಚಮಚ; ತುಪ್ಪ – ಮೂರು. ಬೇಕಾದಾಗ ಗೋಡಂಬಿ ಎಂಬ ಹೊಸ ಗುಣವನ್ನೂ ಸೇರಿಸಬಹುದು. 'ಬಡಿಸು' ಎಂಬ ಕೆಲಸವೂ ಅದರೊಳಗೇ ಇರುತ್ತದೆ. ಕರೆದೊಡನೆ ಅದು ತನ್ನ ಪೆಟ್ಟಿಗೆಯ ಬೆಲೆಗಳನ್ನೇ ಓದಿ ಬಟ್ಟಲು ತುಂಬುತ್ತದೆ.

ವಧುವಿನ ತಂದೆ ಈರಸಂಗಪ್ಪನವರ ಪೆಟ್ಟಿಗೆ ಸಿದ್ಧವಾಗಿತ್ತು. ವರನ ತಂದೆ ಚನ್ನವೀರಪ್ಪನವರ ಸರದಿ ಬಂದಾಗ ಸಂಗಣ್ಣ ಅಡುಗೆಮನೆಯ ರೂಢಿಯಂತೆ ನುಡಿದರು: "ಅವರಿಗೆ ಏನೈತೋ ಇವರಿಗೂ ಅದಽ ಬರೀ. ಬೀಗರ ನಡುವ ಕೂದಲೆಳಿ ಫರಕ್ ಆದ್ರೂ ಮದುವಿ ಮುರೀತೈತಿ!" ಮೃಣಾಲಿನಿ ಹಾಗೆಯೇ ಬರೆದಳು.

ಪಂಕ್ತಿ ಕೂಡುವ ಮೊದಲು ಈರಸಂಗಪ್ಪ ಮೆಲ್ಲನೆ ಬಂದು, "ನನಗ ಸಕ್ಕರಿ ಬ್ಯಾನಿ ಅದವ್ವ, ಬೆಲ್ಲ ತಗದುಬಿಡು" ಎಂದರು. ಅವಳು ಅವರ ಬೆಲ್ಲವನ್ನು ಸೊನ್ನೆಗಿಳಿಸಿದಳು.

ಚನ್ನವೀರಪ್ಪ ಮೊದಲ ತುತ್ತಿಗೇ ಕೈ ತಡೆದರು. "ಏನ್ರೀ ಇದು? ಗಂಡಿನವರಿಗೆ ಸಪ್ಪನ ಹುಗ್ಗಿ?" ಎನ್ನುತ್ತ ಅರ್ಧ ಎದ್ದರು. ಬೀಗರು ಉಣ್ಣದೆ ಎದ್ದರೆ ಸಂಬಂಧವೂ ಎದ್ದಂತೆ. ವಧು ಸ್ಫೂರ್ತಿಯ ಮುಖ ಬಾಡಿತು.

ಮೃಣಾಲಿನಿ ಪರದೆ ನೋಡಿ ಹಣೆ ಬಡಿದುಕೊಂಡಳು. "ಕಾಕಾ, ತಪ್ಪು ನಂದು. ನಾ ಪ್ರತಿ ಮಾಡಿಲ್ಲ. ಪೆಟ್ಟಿಗಿ ಒಂದಽ ಐತಿ, ಅದಕ್ಕ ಎರಡು ಹೆಸರಿನ ಚೀಟಿ ಅಂಟಿಸೀನಿ. ಅವರ ಬೆಲ್ಲ ತಗದ್ರ ಇವರದೂ ಹೋತು! ಈಗಽ ಬ್ಯಾರೆ ಮಾಡ್ತೀನಿ."

"ತಡೀ" ಎಂದ ಸಂಗಣ್ಣ, ಈರಸಂಗಪ್ಪ ಇನ್ನೂ ಮುಟ್ಟದಿದ್ದ ಬಟ್ಟಲನ್ನು ತಂದು ಚನ್ನವೀರಪ್ಪನವರ ಮುಂದಿಟ್ಟರು. "ಹೆಣ್ಣಿನವರ ಬಟ್ಟಲದ್ದೂ ಒಂದು ಚಮಚ ನೋಡ್ರಿ ಸಾಹುಕಾರ್ರ."

ಅದೂ ಸಪ್ಪೆ.

"ನಿಮಗೂ ಹಿಂಗಽ ಏನ್ರಿ?"

"ಸಕ್ಕರಿ ಬ್ಯಾನಿ ರೀ ಬೀಗ್ರ" ಎಂದರು ಈರಸಂಗಪ್ಪ, ತಲೆ ತಗ್ಗಿಸಿ.

ಚನ್ನವೀರಪ್ಪ ನಿಧಾನವಾಗಿ ಕುಳಿತರು. "ನನಗೂ ಐತ್ರೀ. ನಾಕು ವರ್ಷಾತು. ಬ್ಯಾಡ ಅಂದ್ರ ಉಣಿಸೋರಿಗೆ ಅಪಮಾನ ಅಂತ ಮದುವಿ ಮದುವಿಗೂ ತಿಂತ ಬಂದೀನಿ."

"ನಾಕು ವರ್ಷ!" ಎಂದಿತು ಪಕ್ಕದಿಂದ ಅವರ ಹೆಂಡತಿಯ ದನಿ. "ಮನಿಗೆ ನಡೀರಿ, ಐತಿ ನಿಮಗ!"

ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು.

"ಹಂಗಾರ ಬ್ಯಾರೆ ಪೆಟ್ಟಿಗಿ ಮಾಡ್ಲೇನ್ರಿ?" ಎಂದಳು ಮೃಣಾಲಿನಿ.

"ಬ್ಯಾಡವ್ವ, ಒಂದಽ ಇರ್ಲಿ" ಎಂದರು ಚನ್ನವೀರಪ್ಪ. " ತುಪ್ಪ ಮಾತ್ರ ಒಂದು ಚಮಚ ಏರಿಸು."

ತುಪ್ಪ ಎರಡೂ ಬಟ್ಟಲಿಗೆ ಇಳಿಯಿತು. "ನನಗೂ ಬಂತಲ್ಲ ಬೀಗ್ರ!" ಎಂದು ಈರಸಂಗಪ್ಪ ಕೈಚಪ್ಪಾಳೆ ತಟ್ಟಿದರು. ಸಾವಿರ ರುಚಿಗಳನ್ನು ಬೇರ್ಪಡಿಸಲು ಹುಟ್ಟಿದ ಯಂತ್ರಕ್ಕೆ, ಆ ಸೀಮೆಯ ಮದುವೆಗಳಲ್ಲಿ ಮುಂದೆ ಹೆಸರು ತಂದದ್ದು ಬೀಗರಿಬ್ಬರ ಆ ಒಂದೇ ಪೆಟ್ಟಿಗೆ.

ಉಂಡು ಕೈತೊಳೆದ ಸ್ಫೂರ್ತಿ ಸಂಗಣ್ಣನವರ ಬಳಿ ಬಂದಳು. "ಅಜ್ಜಾ, ಅವತ್ತು ಅರ್ಧ ಬೆಲ್ಲದಾಗ ಹೆಂಗ ಪಾರಾದ್ರಿ?"

"ಬೀಗರಿಬ್ಬರನ್ನೂ ಎದುರಾಬದುರಾ ಕುಂದ್ರಿಸಿ, ಎಲ್ಲರ ಕಣ್ಮುಂದ ಒಂದಽ ಸೌಟಿನಿಂದ ಬಡಿಸಿದೆ. ಒಬ್ಬರ ಮಾರಿ ಒಬ್ಬರು ನೋಡ್ಕೋತ, ಸುಮ್ಮನ ಉಂಡ್ರು!"

ಸ್ಫೂರ್ತಿ ಬಾಸಿಂಗ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತಳು. "ಅಜ್ಜಾ, ಟೆಂಪೊ ಉರುಳಿದಲ್ಲಿಂದ ಇನ್ನೊಮ್ಮೆ ಹೇಳ್ರಿ."