ಜೇಬಿನಲ್ಲಿದ್ದ ಕೀ

"ಮಗಳಿಗೆ ಬಾಗಿಲು ತೆಗೀದೆ ಅಟ್ಟಿದ ದೊಡ್ಡ ಮನುಷ್ಯ ಇವ್ನು! ಈಗ ಬಾಗಿಲು ಸುಟ್ಟೋಯ್ತು ಅಂತ ದೂರು ಕೊಡೋಕ್ ಬಂದಿದಾನೆ. ಎಲ್ಲಾರೂ ಚೆನ್ನಾಗಿ ನೋಡ್ಕೊಳ್ಳಿ!"

ಮಕಾಯ್ ಪಟ್ಟಣದ ಪೊಲೀಸ್ ಠಾಣೆಯ ಕೌಂಟರಿನಲ್ಲಿ ಡೊರಿಸ್ ಕಮಿಲ್ಲೆರಿ ಗಂಡ ವಿನ್ಸ್‌ನತ್ತ ಕೈ ಮಾಡಿ ಕೂಗಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಸಕ್ಕರೆ ಕಾರ್ಖಾನೆಯ ಫಿಟರ್ ವಿನ್ಸ್ ತಲೆ ಎತ್ತಲಿಲ್ಲ. ಜುಲೈ ಹನ್ನೊಂದರ ಬೆಳಿಗ್ಗೆ ದೂರು ದಾಖಲಾಯಿತು: ನಸುಕಿನಲ್ಲಿ ಖಾಲಿ ಮನೆಯೊಂದಕ್ಕೆ ಬೆಂಕಿ ಬಿದ್ದಿದೆ.

ಡಿಟೆಕ್ಟಿವ್ ಸಾರ್ಜೆಂಟ್ ಪ್ರಾಯರ್ ಕೇಳಿದ, "ಮನೆ ನಿಮ್ದಾ?"

"ನಮ್ದೇ. ಆದ್ರೆ ನಮ್ದಲ್ಲ. ನಿವೃತ್ತಿ ನಿಧಿದು," ಎಂದ ವಿನ್ಸ್.

"ನಿಧಿ ಯಾರ್ದು?"

"ನಮ್ದೇ."

ಟೈ ಕಟ್ಟಿದ ಮನೆ ದಲ್ಲಾಳಿಯೊಬ್ಬ ಹೋಟೆಲಿನಲ್ಲಿ ಪುಕ್ಕಟೆ ಸ್ಯಾಂಡ್‌ವಿಚ್ ತಿನ್ನಿಸಿ ತೋರಿಸಿದ ದಾರಿ ಅದು. ದುಡಿದು ಕೂಡಿಸಿದ್ದನ್ನೆಲ್ಲ ನೀವೇ ನಡೆಸುವ ನಿಧಿಗೆ ಹಾಕಿ, ನಿಧಿಯ ಹೆಸರಲ್ಲಿ ಬ್ಯಾಂಕಿನಿಂದ ಸಾಲ ತಂದು ಮನೆ ಕೊಳ್ಳಿ ಎಂದಿದ್ದ. ಕೊಂಡವರು, ಅವರ ರಕ್ತಸಂಬಂಧಿಗಳು ಬಾಡಿಗೆ ಕೊಟ್ಟರೂ ಕಾನೂನಿನಂತೆ ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗುವಂತಿಲ್ಲ ಎಂಬುದನ್ನು ಮಾತ್ರ ಇವರ ಬಾಯಿ ತುಂಬ ಸ್ಯಾಂಡ್‌ವಿಚ್ ಇದ್ದಾಗ ಹೇಳಿದ್ದ. ಸುತ್ತಲ ಗಣಿಗಳಲ್ಲಿ ಕೆಲಸ ಇಳಿಯಿತು, ಬಾಡಿಗೆಯವರು ಊರು ಬಿಟ್ಟರು. ಸಾಲ ಊರು ಬಿಡಲಿಲ್ಲ.

ಮಧ್ಯಾಹ್ನ ಸ್ಥಳ ಮಹಜರು ನಡೆಯಿತು. ಬೆಂಕಿ ಹುಟ್ಟಿದ್ದು ಅಡುಗೆಮನೆಯಲ್ಲಿ, ಪೆಟ್ರೋಲಿನಿಂದ. ಮುಂಬಾಗಿಲಿನ ಬೀಗವನ್ನು ಯಾರೂ ಒಡೆದಿರಲಿಲ್ಲ, ಕೀ ಹಾಕಿ ತೆಗೆದಿದ್ದರು.

"ಮಗಳೇ ಹಚ್ಚಿರ್ಬೇಕು ಸಾರ್ಜ್, ಸಿಟ್ಟಿಗೆ," ಎಂದಳು ಕಾನ್‌ಸ್ಟೇಬಲ್ ಮರಿಟಾ.

"ಆ ಹೊತ್ತಲ್ಲಿ ಅವ್ಳು ಆಸ್ಪತ್ರೇಲಿ ಮಗನ ಪಕ್ಕ ಕೂತಿದ್ಳು. ನರ್ಸ್ ನೋಡಿದಾಳೆ."

ಪಕ್ಕದ ಮನೆಯ ಮುದುಕಿ ಐರಿಸ್ ಗ್ರಂಡಿ ಬೇಲಿಯಾಚೆಯಿಂದಲೇ ಕರೆದಳು. "ಬನ್ನಿ ಮಗಾ, ನಿಮ್ಮ ಕಳ್ಳ ಭಾರಿ ಸಭ್ಯಸ್ಥ! ಹಚ್ಚೋಕ್ ಮುಂಚೆ ನನ್ನ ಬೇಲಿಗೆ ಪೈಪಲ್ಲಿ ನೀರು ಹೊಡ್ದಿದಾನೆ. ಆಮೇಲೆ ಇದನ್ನ ಎತ್ತಿ ಈ ಕಡೆ ಇಟ್ಟಿದಾನೆ."

ಅದು ಮಗುವಿನ ಮೂರು ಗಾಲಿ ಸೈಕಲ್. ಒದ್ದೆಯಾಗಿತ್ತು, ಮಸಿ ತಾಗಿರಲಿಲ್ಲ.

"ಯಾರ್ದಿದು?"

"ಆ ಮನೆಯವ್ರ ಮಗಳ ಪೋರಂದು. ಗಂಡ ಹೊರಗೆ ಹಾಕಿದ್ನಂತೆ, ಗಂಟುಮೂಟೆ ಕಟ್ಕೊಂಡು ಬಂದು ಜಗಲೀಲಿ ಕೂತಿದ್ಳು. ಅಪ್ಪ ಬಂದ, ಏನೋ ಅಂದ. ಅವ್ಳು ಅಳ್ತಾ ಕಾರು ಹತ್ತಿದ್ಳು. ಸೈಕಲ್ ಆ ಜಗಲೀಲೇ ಉಳೀತು."

ಸಂಜೆ ಪ್ರಾಯರ್ ಸೈಕಲ್ಲನ್ನು ವಿಚಾರಣಾ ಕೋಣೆಯ ಮೇಜಿನ ಮೇಲಿಟ್ಟು ವಿನ್ಸ್‌ನನ್ನು ಕರೆಸಿದ. ವಿನ್ಸ್ ಅದರ ಗಾಲಿಯನ್ನು ಬೆರಳಿನಿಂದ ತಿರುಗಿಸಿದ, ಕೀರಲು ಸದ್ದು ಬಂತು. "ಎಣ್ಣೆ ಹಾಕ್ಬೇಕಿತ್ತು," ಎಂದ.

"ವಿಮೆ ದುಡ್ಡಿಗೆ ಹಚ್ಚಿದ್ರಾ?"

"ಅದು ಸೀದಾ ಬ್ಯಾಂಕಿಗೇ ಹೋಗುತ್ತೆ."

"ಮತ್ತ್ಯಾಕೆ?"

"ನಾವಿರೋದು ಮುದುಕರ ವಸತಿ, ಅಲ್ಲಿ ಮಕ್ಕಳನ್ನ ಇಟ್ಕೊಳೋ ಹಂಗಿಲ್ಲ. ಮಗಳು ಟಾನ್ಯಾ ಆ ಖಾಲಿ ಮನೆ ಕೇಳಿದ್ಳು. ತೆರಿಗೆ ಇಲಾಖೆಗೆ ಗೊತ್ತಾದ್ರೆ ನಿಧೀಲಿ ಅರ್ಧ ಅವ್ರಿಗೇ ಹೋಗುತ್ತೆ ಅಂತ ಹೆದರ್ದೆ. ಕೀ ಬಾಡಿಗೆ ಏಜೆಂಟ್ ಹತ್ರ ಇದೆ ಅಂದ್ಬಿಟ್ಟೆ." ಅವನು ಜೇಬು ಮುಟ್ಟಿಕೊಂಡ. "ಇಲ್ಲೇ ಇತ್ತು."

ಪ್ರಾಯರ್ ಬರೆದುಕೊಂಡ.

"ಈ ಚಳಿಗಾಲದಲ್ಲಿ ತಾಯಿ-ಮಗ ಹೊಳೆ ಪಕ್ಕ ಕಾರಲ್ಲಿ ಮಲಗಿದ್ರು. ಮಗೂಗೆ ನ್ಯುಮೋನಿಯಾ ಆಯ್ತು. ನಾನು ದಿನಾ ಕೆಲಸಕ್ಕೆ ಹೋಗೋದು ಆ ಮನೆ ಮುಂದೇನೇ. ಮೂರು ಕೋಣೆ, ಕಿಟಕಿಗೆಲ್ಲ ಪರದೆ. ಒಳಗೆ ಗಾಳಿ ಮಲಗಿರುತ್ತೆ. ಅದನ್ನ ನೋಡೋಕಾಗ್ಲಿಲ್ಲ ಸಾರ್ಜೆಂಟ್."

"ಕೀ ಕೊಟ್ಟಿದ್ರೆ ಸಾಕಿತ್ತಲ್ವಾ ವಿನ್ಸ್?"

"ಹೂಂ," ಎಂದ.

ಹೇಳಿಕೆಗೆ ಸಹಿಯಾಯಿತು. ಆರೂವರೆಗೆ ಬಂಧಿಸಿದರು. ವರದಿಯಲ್ಲಿ ಕಾರಣ ಏನೆಂದು ಬರೆಯಲಿ ಎಂದು ಮರಿಟಾ ಕೇಳಿದಳು. "ದುಡ್ಡಲ್ಲ ಅಂತ ಬರಿ," ಎಂದ ಪ್ರಾಯರ್. ಮನೆ ಮಾರಿಸಿದವನ ಹೆಸರು ಹಾಕಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಸೈಕಲ್ ಗುರುತಿಸಲು ಕರೆಸಿದ್ದ ಟಾನ್ಯಾ ಕೌಂಟರಿನ ಬಳಿ ನಿಂತಿದ್ದಳು. ಬೆಳಿಗ್ಗೆಯ ಹಾಗೆಯೇ ಸಾಲಿನಲ್ಲಿ ಜನರಿದ್ದರು. ಬೇಡಿ ಹಾಕಿದ ಅಪ್ಪ ಹೊರಬಂದಾಗ ಅವಳು ಕೂಗಲಿಲ್ಲ.

"ಅಪ್ಪಾ, ಬಾಗಿಲು ಕೀ ಹಾಕಿ ತೆಗ್ದಿದ್ರು ಅಂತಾರೆ ಇವ್ರು. ನಾನು ಮನೆ ಕೇಳ್ದಾಗ್ಲೂ ಕೀ ನಿನ್ ಹತ್ರಾನೇ ಇತ್ತಾ?"

ವಿನ್ಸ್ ನಿಂತ. ಮಗಳ ತೋಳಿನಲ್ಲಿ ಜೋತುಬಿದ್ದಿದ್ದ ಮಗುವಿನ ಸಣ್ಣ ಕೋಟನ್ನು ನೋಡಿದ. ಆಮೇಲೆ ಮರಿಟಾ ಎಳೆಯುವ ಮೊದಲೇ, ತಾನಾಗಿ ವ್ಯಾನಿನತ್ತ ನಡೆದುಬಿಟ್ಟ.